ದೇಶ ಸುತ್ತಿದ್ದಾಯಿತು, ಕೋಶ ಓದುವುದೆಂದು?

ಕಳೆದ ರಾಜ್ಯೋತ್ಸವದ ಸಮಾರಂಭದಲ್ಲಿ ಭಾಷಣಕಾರರೊಬ್ಬರು, "1956ರ ನವೆಂಬರ್ 1ರಂದು ಬಳ್ಳಾರಿಯೂ ನಮ್ಮ ನಾಡಿಗೆ ಬಂದು ಸೇರಿತು" ಎಂದು ಗಟ್ಟಿಯಾಗಿ ಸಾರಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು. ಪಕ್ಕದಲ್ಲಿದ್ದ ನಮ್ಮ ಮಗಳು ಮಾತ್ರ ತಟ್ಟಲಿಲ್ಲ. ಇಲ್ಲೇ ವಿಶಾಖಪಟ್ಟಣದಲ್ಲಿ ಬಿ.ಎ. ಎರಡನೆಯ ವರ್ಷ ಓದುತ್ತಿರುವ ಹುಡುಗಿ. ರಾಜ್ಯಶಾಸ್ತ್ರ ಅವಳ ವಿಷಯಗಳಲ್ಲೊಂದು. ಮನೆಗೆ ಹಿಂದಿರುಗುವಾಗ ಆಟೋದಲ್ಲಿ, "ಅಪ್ಪಾ, ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ ಅಲ್ಲವೇ? ಆಂಧ್ರ ರಾಜ್ಯವಾದ ದಿನವೇ?" ಎಂದಳು. ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನಲು ಬಾಯಿ ಬರಲಿಲ್ಲ. "ಅಷ್ಟು ತಿಳಿದವರು ತಪ್ಪು ಹೇಳುತ್ತಾರೇನೆ, ಸುಮ್ಮನಿರು" ಎಂದು ಗದರಿಸಿ ಕೂರಿಸಿದೆವು.

ತಪ್ಪು ಅವಳದಾಗಿರಲಿಲ್ಲ. ಇದನ್ನು ಪತ್ರಿಕೆಯಲ್ಲಿ ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕೆಂದು ಈ ಲೇಖನ.

ಅವಳಿಗೆ ಆ ಸಂಗತಿ ತಿಳಿದದ್ದು ಹೇಗೆ? ಕಾಲೇಜಿನಲ್ಲಿ 'ಭಾಷಾವಾರು ರಾಜ್ಯಗಳ ರಚನೆ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದ್ದರಂತೆ. ಒಂದೇ ಸಂಜೆಯಲ್ಲಿ ಮೊಬೈಲು ನೋಡಿ ನಾಲ್ಕು ಪುಟ ಬರೆದಳು. ನಾವೂ ಅಕ್ಷರ ದುಂಡಗಿದೆಯೆಂದು ಮೆಚ್ಚಿಕೊಂಡೆವು. ಅಧ್ಯಾಪಕಿ ಅದನ್ನು ಹಿಂದಿರುಗಿಸಿದರು. ಅಂಚಿನಲ್ಲಿ ಆರು ಕಡೆ ಒಂದೇ ಪ್ರಶ್ನೆ ಬರೆದಿತ್ತು: "ಇದಕ್ಕೆ ಆಧಾರವೇನು?" ಆಧಾರ ಹುಡುಕಿಕೊಂಡು ಹುಡುಗಿ ಮೊದಲ ಬಾರಿಗೆ ಕಾಲೇಜಿನ ಗ್ರಂಥಾಲಯದ ಮೆಟ್ಟಿಲು ಹತ್ತಿದಳು. ಅಲ್ಲಿಯವರೆಗೆ ಅವಳಿಗೆ ಗ್ರಂಥಾಲಯವೆಂದರೆ ಪರೀಕ್ಷೆಯ ಮುಂಚೆ ಪಠ್ಯಪುಸ್ತಕ ಎರವಲು ತರುವ ಕಿಟಕಿ. ನಮಗೂ ಬಿ.ಎಸ್‌ಸಿ. ಓದುವಾಗ ಅದಕ್ಕಿಂತ ಹೆಚ್ಚೇನೂ ಆಗಿರಲಿಲ್ಲ.

ರಾಜ್ಯೋತ್ಸವ ಮುಗಿದ ಮೇಲಿನ ಶನಿವಾರ ಗ್ರಂಥಪಾಲಕರ ಅನುಮತಿ ಪಡೆದು ನಾವೂ ಅವಳೊಡನೆ ಹೋದೆವು. ನಾಚಿಕೆ ಆದದ್ದು ಅಲ್ಲಿ. ಅವಳು ತೆಗೆದು ತೋರಿಸಿದ್ದರ ಸಾರಾಂಶ ಇಷ್ಟು: ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಯನ್ನು ಹಂಚಿದ್ದು 1953ರ ಆಂಧ್ರ ರಾಜ್ಯ ಕಾಯಿದೆ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಉಳಿದವು ಮೈಸೂರಿಗೆ ಬಂದವು. ದಿನಾಂಕ 1953ರ ಅಕ್ಟೋಬರ್ 1. ಬಳ್ಳಾರಿ ತಾಲ್ಲೂಕಿನ ಬಗ್ಗೆ ಜಗಳ ಬಗೆಹರಿಯದೆ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರಿಂದ ಪ್ರತ್ಯೇಕ ವಿಚಾರಣೆ ನಡೆಸಬೇಕಾಯಿತು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಕೊಟ್ಟ ವರದಿಯಲ್ಲಿ, ತುಂಗಭದ್ರಾ ಯೋಜನೆಯ ಕಾರಣ ಹೇಳಿ, ಬಳ್ಳಾರಿ, ಹೊಸಪೇಟೆಗಳ ಭಾಗವನ್ನು ಆಂಧ್ರಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತ್ತು! ಆ ಶಿಫಾರಸು ಅಂಗೀಕಾರವಾಗಲಿಲ್ಲ. ಬಳ್ಳಾರಿ ಮೈಸೂರಿನಲ್ಲೇ ಉಳಿಯಿತು. ಅಂದಮೇಲೆ 1956ರಲ್ಲಿ ಬಳ್ಳಾರಿ 'ಬಂದು ಸೇರಲಿಲ್ಲ', ಕೈಬಿಟ್ಟು ಹೋಗುವುದು ತಪ್ಪಿತು. ಇವೆರಡಕ್ಕೂ ಅಜಗಜಾಂತರ.

ಮೂರು ವರ್ಷ ಆಚೆ ಈಚೆ ಆದರೆ ಏನು ಮುಳುಗಿತು ಎಂದು ಕೇಳುವವರು ನಮ್ಮಲ್ಲಿದ್ದಾರೆ. ಮುಳುಗುವುದಿದೆ. ನಾವು ಬದುಕುತ್ತಿರುವುದು ಆಂಧ್ರದಲ್ಲಿ. ನಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲಿ ಕುಳಿತಿರುವವರು ತೆಲುಗು ಮಕ್ಕಳು. ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರ್‌ನಲ್ಲಿ ಉಪವಾಸದಿಂದ ಪ್ರಾಣಬಿಟ್ಟದ್ದು, ಮರುವರ್ಷ ಆಂಧ್ರ ರಾಜ್ಯವಾದದ್ದು ಆ ಮಕ್ಕಳಿಗೆ ಮನೆಯ ಕಥೆ. ನಮ್ಮ ಕಥೆ ಅದೇ ಕಥೆಯ ಇನ್ನೊಂದು ಮಗ್ಗುಲು. ಅವರ ಮುಂದೆ ನಮ್ಮ ಮಕ್ಕಳು ವೇದಿಕೆಯ ಘೋಷಣೆಯನ್ನು ಒಪ್ಪಿಸಿ ನಗೆಗೀಡಾಗಬೇಕೇ, ಇಲ್ಲ, ಎರಡೂ ಕಡೆಯ ವಾದವನ್ನು ಓದಿ ತಲೆಯೆತ್ತಿ ಮಾತನಾಡಬೇಕೇ?

ನಮ್ಮದು ಕೇಂದ್ರ ಸರ್ಕಾರದ ಗುಮಾಸ್ತೆ ಉದ್ಯೋಗ. ನಿಯಮದ ಸಂಖ್ಯೆ, ಹಿಂದಿನ ಆದೇಶದ ದಿನಾಂಕ, ಫೈಲಿನ ಪುಟ ಇವಿಷ್ಟನ್ನೂ ಕಾಣಿಸದೆ ಟಿಪ್ಪಣಿ ಬರೆದರೆ ಫೈಲು ಸಂಜೆಯೊಳಗೆ ನಮ್ಮ ಮೇಜಿಗೇ ವಾಪಸು ಬರುತ್ತದೆ. ಮುನ್ನೂರು ರೂಪಾಯಿಯ ಪ್ರಯಾಣ ಭತ್ಯೆಗೆ ಆಧಾರ ಕೇಳುವ ನಾವು, ನಾಡಿನ ಚರಿತ್ರೆಗೆ ಆಧಾರ ಕೇಳದೆ ಚಪ್ಪಾಳೆ ತಟ್ಟುತ್ತೇವೆ.

ಈಗ ಎದುರುವಾದಕ್ಕೆ ಬರೋಣ. "ಎಲ್ಲವೂ ಮೊಬೈಲಿನಲ್ಲಿದೆ, ಕೇಳಿದ ಕ್ಷಣವೇ ಪ್ರಬಂಧ ಬರೆದುಕೊಡುವ ಯಂತ್ರಗಳೂ ಬಂದಿವೆ, ಇನ್ನು ಧೂಳು ಕುಡಿಯಲು ಗ್ರಂಥಾಲಯಕ್ಕೆ ಏಕೆ ಹೋಗಬೇಕು?" ಎನ್ನುತ್ತಾರೆ. ಮೊಬೈಲಿನ ಮೇಲೆ ನಮಗೆ ಹಗೆಯಿಲ್ಲ. ಸಂವಿಧಾನ ಸಭೆಯ ಚರ್ಚೆಗಳೂ ಆಯೋಗಗಳ ವರದಿಗಳೂ ಇಂದು ಅದರಲ್ಲೇ ಓದಲು ಸಿಗುತ್ತವೆ. ಆದರೆ ಅಂಥ ವರದಿಯೊಂದು ಇದೆಯೆಂದೇ ತಿಳಿಯದ ಹುಡುಗ ಅದನ್ನು ಹುಡುಕುವುದೆಲ್ಲಿ? ಮೊಬೈಲು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಏನನ್ನು ಕೇಳಬೇಕೆಂಬುದು ಹೊಳೆಯುವುದು ಪುಸ್ತಕಗಳ ಕಪಾಟಿನ ಮುಂದೆ ನಿಂತಾಗ.

ಇದು ಉತ್ಪ್ರೇಕ್ಷೆಯಲ್ಲ. ಬಹುಪಾಲು ಕಾಲೇಜುಗಳಲ್ಲಿ ಪುಸ್ತಕಗಳನ್ನು ಡ್ಯೂಯಿ ಪದ್ಧತಿಯಂತೆ ಜೋಡಿಸಿರುತ್ತಾರೆ. ರಾಜ್ಯಶಾಸ್ತ್ರ 320ರಲ್ಲಿ, ಸಂವಿಧಾನದ ಕಾನೂನು 342ರಲ್ಲಿ, ಭಾರತದ ಇತಿಹಾಸ 954ರಲ್ಲಿ. ಭಾಷಾವಾರು ರಾಜ್ಯದ ವಿಷಯ ಹಿಡಿದ ವಿದ್ಯಾರ್ಥಿ 320ರ ಮುಂದೆ ಮಾತ್ರ ನಿಂತರೆ ಪಠ್ಯಪುಸ್ತಕಗಳೇ ಕಣ್ಣಿಗೆ ಬೀಳುತ್ತವೆ. ನಮ್ಮ ಮಗಳಿಗೂ ಮೊದಲ ದಿನ ಹಾಗೇ ಆಯಿತು. ಅಲ್ಲಿನ ಸಹಾಯಕರು, "ಅಮ್ಮಾ, 342 ನೋಡು, 954 ನೋಡು, ಆಮೇಲೆ ಸರ್ಕಾರಿ ಪ್ರಕಟಣೆಗಳ ಮೂಲೆಗೆ ಬಾ" ಎಂದು ತೆಲುಗಿನಲ್ಲಿ ದಾರಿ ತೋರಿಸಿದರಂತೆ. ಪಠ್ಯಪುಸ್ತಕದ ಅಡಿಟಿಪ್ಪಣಿಯಿಂದ ವರದಿಯ ಹೆಸರು ಸಿಕ್ಕಿತು. ವರದಿಯಿಂದ 1948ರ ಧರ್ ಆಯೋಗದ ಹೆಸರೂ, ಅದರಿಂದ ಜವಾಹರಲಾಲ್, ವಲ್ಲಭಭಾಯಿ, ಪಟ್ಟಾಭಿ ಈ ಮೂವರ ಸಮಿತಿಯ ಹೆಸರೂ ಸಿಕ್ಕವು. ಪಕ್ಕದಲ್ಲೇ 1955ರಲ್ಲಿ ಅಂಬೇಡ್ಕರರು ಭಾಷಾವಾರು ರಾಜ್ಯಗಳನ್ನು ಕುರಿತು ಬರೆದ ಪುಸ್ತಕವಿತ್ತು. ಒಬ್ಬರು ಹೌದೆಂದದ್ದನ್ನು ಮತ್ತೊಬ್ಬರು ಬೇಡವೆನ್ನುತ್ತಾರೆ, ಇಬ್ಬರೂ ಕಾರಣ ಕೊಡುತ್ತಾರೆ. ಈ ಕಾರಣಗಳನ್ನು ತೂಗಿ ನೋಡುವುದೇ ರಾಜ್ಯಶಾಸ್ತ್ರ. ಮೊಬೈಲಿನ ನಾಲ್ಕು ಸಾಲಿನಲ್ಲಿ ಜಗಳವೆಲ್ಲ ಆವಿಯಾಗಿ ಒಂದು ದಿನಾಂಕ ಮಾತ್ರ ಉಳಿದಿರುತ್ತದೆ. ಅದೂ ಕೆಲವು ಸಲ ತಪ್ಪು.

ಎರಡನೆಯ ಎದುರುವಾದ: "ರಾಜ್ಯಶಾಸ್ತ್ರ ಓದಿ ಹೊಟ್ಟೆ ತುಂಬೀತೇ?" ನಮ್ಮ ಬಾಂಧವರಲ್ಲಿ ಮಗ ಇಂಜಿನಿಯರಿಂಗಿಗೆ ಸೇರಿದರೆ ಪೇಡ ಹಂಚುತ್ತೇವೆ, ಬಿ.ಎ. ಸೇರಿದರೆ ಸಂತಾಪ ಹೇಳುತ್ತೇವೆ. ಹೊಟ್ಟೆಯ ಮಾತೇ ಆಡುವುದಾದರೆ, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಸಂವಿಧಾನ ಮತ್ತು ಆಡಳಿತ ಎಲ್ಲರಿಗೂ ಕಡ್ಡಾಯ. ಅದಿರಲಿ. ಈ ಶಾಸ್ತ್ರ ಇಲ್ಲಿನ ನಮಗೆಷ್ಟು ಬೇಕೆಂಬುದಕ್ಕೆ ಮನೆಯ ಉದಾಹರಣೆ ಕೊಡುತ್ತೇವೆ.

ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಕನ್ನಡವಿಲ್ಲವೆಂದು ನಾವು ಕೊರಗುತ್ತಲೇ ಬಂದಿದ್ದೇವೆ, ಮನವಿಗಳನ್ನೂ ಬರೆದಿದ್ದೇವೆ. 'ಕನ್ನಡ ಕಂದಮ್ಮಗಳ ಕಣ್ಣೀರು' ಎಂದು ಆರಂಭವಾಗುವ ಆ ಮನವಿಗಳಲ್ಲಿ ಒಂದಾದರೂ ವಿಧಿಯ ಸಂಖ್ಯೆಯಿತ್ತೇ? 1956ರ ಏಳನೆಯ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ ಅದು. ಜೊತೆಗೇ ಬಂದ 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ಕಚೇರಿಯೇ 1957ರಲ್ಲಿ ಏರ್ಪಟ್ಟಿತು. ಆ ಅಧಿಕಾರಿಯ ವರದಿಗಳು ಸಂಸತ್ತಿಗೆ ಹೋಗುತ್ತವೆ. ಇನ್ನೂ ಹಿಂದೆ, 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನದಲ್ಲಿ, ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಗೆ ಒಬ್ಬ ಶಿಕ್ಷಕರನ್ನು ಕೊಡಬೇಕೆಂದು ಒಪ್ಪಿದ್ದರು. ಇವೆಲ್ಲವೂ ಕಾಲೇಜು ಗ್ರಂಥಾಲಯದ ಮೂಲೆಯಲ್ಲಿದ್ದವು. ನಾವು ಹೊರಗೆ ನಿಂತು ಅಳುತ್ತಿದ್ದೆವು. ಆಧಾರವಿಲ್ಲದ ಅರ್ಜಿಗೆ ಕಚೇರಿಯಲ್ಲಿ ಏನಾಗುತ್ತದೆಂಬುದನ್ನು ಗುಮಾಸ್ತರಾದ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಈ ವಿಧಿಗಳನ್ನು ಹಿಡಿದುಕೊಂಡು ಹೋದರೆ ನಾಳೆಯೇ ಕನ್ನಡ ಶಾಲೆ ತೆರೆಯುತ್ತದೆಂದು ನಾವು ಹೇಳುವುದಿಲ್ಲ. ನಮ್ಮ ಮನೆಗಳು ಊರೆಲ್ಲ ಚದರಿವೆ. ಒಂದು ತರಗತಿಯಲ್ಲಿ ಹತ್ತು ಕನ್ನಡದ ಮಕ್ಕಳನ್ನು ಕೂಡಿಸುವುದೇ ಕಷ್ಟ. ಆದರೆ ಎಣಿಸಿ ನೋಡಿದ್ದೇವೆಯೇ? ಸಂಖ್ಯೆ ಸಾಲದಿದ್ದರೆ ಭಾನುವಾರದ ಪಾಠವನ್ನು ನಾವೇ ನಡೆಸೋಣ. ಸಾಕಾದರೆ ವಿಧಿಯ ಸಂಖ್ಯೆ ಹಾಕಿ ಕೇಳೋಣ. ಯಾವ ಬಾಗಿಲು ತಟ್ಟಬೇಕೆಂಬುದೂ ಓದಿದರೇ ತಿಳಿಯುವುದು.

ಕಾಲೇಜುಗಳವರಿಗೂ ಎರಡು ಮಾತು ಹೇಳಬೇಕು. ನಾವು ಕಂಡ ಗ್ರಂಥಾಲಯದಲ್ಲಿ ಆಯೋಗದ ವರದಿ ಗಾಜಿನ ಬೀರುವಿನೊಳಗಿತ್ತು, ಬೀರುವಿಗೆ ಬೀಗವಿತ್ತು, ಬೀಗದ ಕೈ ರಜೆಯ ಮೇಲೆ ಹೋದವರ ಬಳಿಯಿತ್ತು! ಹುಡುಗಿ ಮೂರು ಸಲ ಅಲೆದಳು. ಪಾಠ ಮುಗಿಯುವ ಹೊತ್ತಿಗೆ ಗ್ರಂಥಾಲಯವೂ ಬಾಗಿಲು ಹಾಕುತ್ತದೆ. ಎನ್-ಲಿಸ್ಟ್ ಯೋಜನೆಯ ಮೂಲಕ ಎಷ್ಟೋ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸಾವಿರಾರು ವಿದ್ವತ್ ಪತ್ರಿಕೆಗಳು ಕಂಪ್ಯೂಟರಿನಲ್ಲಿ ಸಿಗುವ ವ್ಯವಸ್ಥೆಯಿದೆ. ಅದರ ಪ್ರವೇಶ ಕೇಳಿ ಪಡೆಯಬೇಕೆಂದು ಹೇಳುವವರಿಲ್ಲ. ಪುಸ್ತಕಗಳಿರುವುದು ಬಳಸುವುದಕ್ಕೆ ಎಂಬುದನ್ನೇ ಗ್ರಂಥಾಲಯ ಶಾಸ್ತ್ರದ ಮೊದಲ ಸೂತ್ರವೆಂದು ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಬರೆದರು. ನಮ್ಮ ಬೆಂಗಳೂರಿನಲ್ಲೇ ಕೊನೆಯ ವರ್ಷಗಳನ್ನು ಕಳೆದ ಆ ಮಹನೀಯರ ಹೆಸರಿನಲ್ಲಿ ಹಾರ ಹಾಕಿ, ಪುಸ್ತಕಕ್ಕೆ ಬೀಗ ಹಾಕುವುದು ಯಾವ ನ್ಯಾಯ?

ನಾವು ನಿಂತಿರುವ ನೆಲದ ಮರ್ಯಾದೆಯನ್ನಾದರೂ ನೆನೆಯಬೇಡವೇ? ಇಲ್ಲಿಗೆ ವರ್ಗವಾಗುವ ಮುಂಚೆ ನಾವು ವಿಜಯವಾಡದಲ್ಲಿದ್ದೆವು. ಕನಕದುರ್ಗೆಯ ದರ್ಶನಕ್ಕೆಂದು ಊರಿನಿಂದ ಬಂದ ನೆಂಟರನ್ನೆಲ್ಲ ಬೆಟ್ಟ ಹತ್ತಿಸಿದೆವು. ಅದೇ ಊರಿನ ರಾಮಮೋಹನ ಗ್ರಂಥಾಲಯದ ಕಡೆಗೆ ಒಂದು ದಿನವೂ ತಿರುಗಿ ನೋಡಲಿಲ್ಲ. 1914ರಲ್ಲಿ ಆಂಧ್ರದೇಶ ಗ್ರಂಥಾಲಯ ಸಂಘ ಹುಟ್ಟಿದ್ದು ಆ ಊರಿನಲ್ಲಿ. ಅಯ್ಯಂಕಿ ವೆಂಕಟರಮಣಯ್ಯನವರು ಬದುಕನ್ನೇ ಗ್ರಂಥಾಲಯ ಚಳವಳಿಗೆ ತೆತ್ತರು. 1935ರಲ್ಲಿ ಪಾತೂರಿ ನಾಗಭೂಷಣಂ ಅವರು ಕೃಷ್ಣಾ ಸೀಮೆಯ ಕಾಲುವೆಗಳಲ್ಲಿ ದೋಣಿಯ ಮೇಲೆ ಪುಸ್ತಕ ಹೊತ್ತು ಹಳ್ಳಿಗಳಿಗೆ ಹಂಚಿದರು. ಓದುಗನ ಮನೆಯ ಬಾಗಿಲಿಗೆ ನೀರಿನ ಮೇಲೆ ಪುಸ್ತಕ ತಂದ ನಾಡಿನಲ್ಲಿದ್ದು, ಬಸ್ಸಿನಲ್ಲಿ ಅರ್ಧ ಗಂಟೆ ಹೋಗಲು ನಮಗೆ ಸೋಮಾರಿತನ.

ಆಂಧ್ರ ವಿಶ್ವವಿದ್ಯಾನಿಲಯ 1926ರಲ್ಲಿ ಆರಂಭವಾದದ್ದೂ ವಿಜಯವಾಡದಲ್ಲೇ. ಆಮೇಲೆ ಇಲ್ಲಿನ ವಾಲ್ಟೇರಿಗೆ ಬಂತು. ಅದರ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಅದಕ್ಕೆ ಮುಂಚೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದವರು. ಅವರ ನಂತರ ಬಂದ ಎಸ್. ರಾಧಾಕೃಷ್ಣನ್ ಅವರು ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಮೈಸೂರಿಗೂ ಈ ವಿದ್ಯಾಲಯಕ್ಕೂ ಅಂದಿನಿಂದಲೇ ನಂಟು. ಅಲ್ಲಿರುವ ಡಾ. ವಿ.ಎಸ್. ಕೃಷ್ಣ ಗ್ರಂಥಾಲಯದ ಮುಂದಿನಿಂದ ರಾಮಕೃಷ್ಣಾ ಬೀಚಿಗೆ ಗಾಳಿ ಸೇವನೆಗೆ ಹೋಗುವ ನಮ್ಮವರಲ್ಲಿ ಎಷ್ಟು ಮಂದಿ ಒಳಗೆ ಕಾಲಿಟ್ಟಿದ್ದೇವೆ?

ಬರಿಯ ಬೈಗುಳದಿಂದ ಪ್ರಯೋಜನವಿಲ್ಲ. ಸಂಘದ ಮುಂದೆ ನಾಲ್ಕು ಸೂಚನೆ ಇಡುತ್ತೇವೆ. ಒಂದು, ತಂದೆತಾಯಿಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳೊಡನೆ ಅವರ ಗ್ರಂಥಾಲಯಕ್ಕೆ ಹೋಗಿ, "ನೀನು ಬರೆದಿದ್ದಕ್ಕೆ ಆಧಾರ ತೋರಿಸು ಮಗು" ಎಂದು ಕೇಳಲಿ. ಗದರಿಸಲು ಅಲ್ಲ, ಕಲಿಯಲು. ಎರಡು, ಮೂರು ತಿಂಗಳಿಗೊಮ್ಮೆ ಕಾಲೇಜು ವಿದ್ಯಾರ್ಥಿಯೊಬ್ಬರಿಂದ ಸಂಘದಲ್ಲಿ ಪ್ರಬಂಧ ಓದಿಸೋಣ. ಜೆರಾಕ್ಸ್ ಖರ್ಚು ಸಂಘದ್ದಾಗಲಿ. ಈ ರಾಜ್ಯವೇ 2014ರಲ್ಲಿ ಎರಡಾದ ಕಥೆಯಿಂದ ಮೊದಲು ಮಾಡಬಹುದು. ಶ್ರೀಕೃಷ್ಣ ಸಮಿತಿಯ ವರದಿ 2010ರಿಂದ ಕಾದು ಕುಳಿತಿದೆ. ಮೂರು, ಗ್ರಂಥಾಲಯ ಸಂಜೆಯೂ ತೆರೆದಿರಬೇಕೆಂದು ನಮ್ಮ ಮಕ್ಕಳಿರುವ ಕಾಲೇಜುಗಳಿಗೆ ಸಂಘದ ಹೆಸರಿನಲ್ಲಿ ವಿನಂತಿಸೋಣ. ನಾಲ್ಕು, ರಾಜ್ಯೋತ್ಸವದ ವೇದಿಕೆ ಹತ್ತುವವರು ಎಷ್ಟೇ ದೊಡ್ಡವರಾಗಿರಲಿ, ಹೇಳಿದ ದಿನಾಂಕಕ್ಕೆ ಆಧಾರ ಕೊಡಲಿ.

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಹೊಟ್ಟೆಪಾಡಿಗೆ ಮನೆ ಬಿಟ್ಟ ನಾವು ಮೊದಲನೆಯದನ್ನು ಬೇಕಾದಷ್ಟು ಮಾಡಿದ್ದೇವೆ. ಎರಡನೆಯದು ಬಾಕಿ ಉಳಿದಿದೆ. ಮುಂದಿನ ರಾಜ್ಯೋತ್ಸವದಲ್ಲಿ ನಮ್ಮ ಮಗಳು ಬಳ್ಳಾರಿಯ ಕಥೆಯನ್ನು ಪುಟಸಂಖ್ಯೆ ಸಮೇತ ಓದಲು ಒಪ್ಪಿದ್ದಾಳೆ. ಕಾರ್ಯದರ್ಶಿಗಳು ಹತ್ತು ನಿಮಿಷ ಕೊಡಲಿ. ಚಪ್ಪಾಳೆಯನ್ನು ಅವಳು ಮುಗಿಸಿದ ಮೇಲೆ ತಟ್ಟೋಣ.