ಮಳೆಕಾಡಿಗೆ ಹೊರಡುವ ಮುನ್ನ, ಮರಳಿದ ನಂತರ

ಮಹಾನಗರವಾಸಿಗಳಾದ ಕನ್ನಡಿಗರು ರಜೆಯಲ್ಲಿ ಮಾರ್ಗದರ್ಶಿಯೊಡನೆ ಆಗುಂಬೆಯಂತಹ ಮಳೆಕಾಡುಗಳಿಗೆ ವನ್ಯಜೀವಿ ವೀಕ್ಷಣೆಗೆಂದು ಹೊರಡುವುದು ಸಂತೋಷದ ಸಂಗತಿ. ಆದರೆ ದುರ್ಬೀನು, ಕ್ಯಾಮೆರಾ, ಬೂಟುಗಳನ್ನು ಕೊಂಡರೆ ಸಿದ್ಧತೆ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ದೇಹರಕ್ಷಣೆಯೇ ಮೊದಲ ಸಿದ್ಧತೆ.

ಮಳೆಗಾಲದ ಇಂಬಳಕ್ಕೆ ಎಲ್ಲರೂ ಅಂಜುತ್ತಾರೆ. ಅದು ಕಚ್ಚಿ ರಕ್ತ ಸೋರಿದರೂ ಸಾಮಾನ್ಯವಾಗಿ ಅಪಾಯವಿಲ್ಲ. ಎಳ್ಳಿಗಿಂತ ಕಿರಿದಾದ ಉಣ್ಣಿಯ ಮರಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದಲೇ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಹಾವಳಿ ಹೆಚ್ಚು. ನಮ್ಮ ಮಕ್ಕಳ ರಜೆಗಳೂ ಆಗಲೇ.

ಆದುದರಿಂದ ಆ ಸೀಮೆಯಲ್ಲಿ ರೋಗವಿದೆಯೇ ಎಂಬುದನ್ನು ಅಲ್ಲಿನ ಆರೋಗ್ಯ ಕೇಂದ್ರದಿಂದ ಮೊದಲೇ ತಿಳಿಯತಕ್ಕದ್ದು. ಇದ್ದರೆ ಪ್ರವಾಸವನ್ನು ಮುಂದೂಡುವುದೇ ವಿವೇಕ. ಮೈಮುಚ್ಚುವ ಉಡುಪು, ಕೈಕಾಲುಗಳಿಗೆ ಉಣ್ಣಿನಿವಾರಕ ತೈಲ, ಕಾಡಿನಿಂದ ಬಂದೊಡನೆ ಸಾಬೂನು ಹಚ್ಚಿ ಬಿಸಿನೀರಿನ ಸ್ನಾನ, ಇವು ಅವಶ್ಯ. ತರಗೆಲೆಗಳ ಮೇಲೆ ಕೂರಬಾರದು. ಸತ್ತ ಮಂಗನ ಬಳಿ ಸುಳಿಯಬಾರದು.

ಜ್ವರ, ತಲೆನೋವು, ಮೈಕೈ ನೋವು ಕಾಣಿಸುವುದು ಸಾಮಾನ್ಯವಾಗಿ ಕಡಿತದ 3ರಿಂದ 8 ದಿನಗಳ ನಂತರ, ಅಂದರೆ ನಾವು ನಗರಕ್ಕೆ ಮರಳಿದ ಮೇಲೆ. ಇಲ್ಲಿಯ ವೈದ್ಯರು ಮಲೇರಿಯಾ, ಡೆಂಗ್ಯೂ ಎಂದು ಶಂಕಿಸುವುದು ಸಹಜ. ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. ಸಕಾಲದ ಶುಶ್ರೂಷೆಯೇ ಆಧಾರ. "ಮಲೆನಾಡಿನ ಕಾಡಿಗೆ ಹೋಗಿದ್ದೆ" ಎಂಬ ಮಾತನ್ನು ರೋಗಿಯೇ ಹೇಳಬೇಕು. ಪ್ರವಾಸ ಏರ್ಪಡಿಸುವ ನಮ್ಮ ಸಂಘಗಳು ಇದನ್ನು ಪ್ರತಿಯೊಬ್ಬ ಸದಸ್ಯರಿಗೂ ಬರೆದುಕೊಡುವುದು ಕರ್ತವ್ಯವೆಂದು ನನ್ನ ಅಭಿಪ್ರಾಯ.