ಲಸಿಕೆಯ ಜಗಳ ಸಾಕು, ಬಿಪಿ–ಶುಗರ್ ಅಳೆಯಿರಿ

2025ರ ಜೂನ್ ತಿಂಗಳಿಡೀ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸತ್ತವರ ಸಂಖ್ಯೆ ಟಿವಿ ಪರದೆಯ ಮೇಲೆ ಕ್ರಿಕೆಟ್ ಸ್ಕೋರಿನಂತೆ ಏರುತ್ತಾ ಹೋಯಿತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಸಾವು. ಸತ್ತವರಲ್ಲಿ ಇಪ್ಪತ್ತರ ಹರೆಯದವರೂ ಇದ್ದರು. ಕೋವಿಡ್ ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟದ್ದೂ ಕಾರಣವಿರಬಹುದು ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಜುಲೈ 1ರಂದು ಹೇಳಿದರು. ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಅದನ್ನು ಅಲ್ಲಗಳೆಯಿತು. ಆಮೇಲೆ ನಡೆದದ್ದೆಲ್ಲ ಲಸಿಕೆಯ ಜಗಳ. ಸತ್ತವರ ಬಿಪಿ ಎಷ್ಟಿತ್ತು, ಶುಗರ್ ಎಷ್ಟಿತ್ತು, ಯಾರಾದರೂ ಎಂದಾದರೂ ಅಳೆದಿದ್ದರೇ ಎಂದು ಕೇಳುವವರೇ ಇರಲಿಲ್ಲ.

ಲಸಿಕೆಗೆ ಅಡ್ಡಪರಿಣಾಮವೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಕೋವಿಶೀಲ್ಡ್‌ನಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿದ್ದು ದಾಖಲಾಗಿದೆ. ಆದರೆ ಅದು ಕಾಣಿಸಿಕೊಂಡಿದ್ದು ಚುಚ್ಚುಮದ್ದು ಹಾಕಿಸಿಕೊಂಡ ಕೆಲವೇ ವಾರಗಳೊಳಗೆ. 2021ರ ಚುಚ್ಚುಮದ್ದಿಗೆ 2025ರ ಸಾವನ್ನು ಗಂಟು ಹಾಕಬೇಕಾದರೆ ಪುರಾವೆ ಬೇಕು, ಅನುಮಾನ ಸಾಲದು. ಅಧಿಕಾರದಲ್ಲಿರುವವರು ಅನುಮಾನ ಹೇಳಿದರೆ ಜನ ಅದನ್ನೇ ತೀರ್ಪೆಂದು ನಂಬುತ್ತಾರೆ. ಆ ಭಯದಲ್ಲಿ ಬೆಂಗಳೂರು, ಮೈಸೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಸಾಲು ನಿಂತವರಲ್ಲಿ ಎಷ್ಟೋ ಮಂದಿಗೆ ಬೇಕಿದ್ದದ್ದು ಊರಿನಲ್ಲೇ ಒಂದು ಬಿಪಿ ತಪಾಸಣೆ.

ಈ ಸಾವುಗಳನ್ನು ಪರಿಶೀಲಿಸಿದ, ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ, ಹಾಸನದಲ್ಲಿ ಹೃದ್ರೋಗ ದಿಢೀರನೆ ಏರಿಲ್ಲ ಎಂದು ವರದಿ ಕೊಟ್ಟಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮದ್ಯಪಾನಗಳತ್ತ ಬೊಟ್ಟು ಮಾಡಿತು. ‘ಏರಿಲ್ಲ’ ಎಂಬುದನ್ನು ಸಮಾಧಾನದ ಮಾತೆಂದು ತೆಗೆದುಕೊಳ್ಳುವ ಹಾಗಿಲ್ಲ. ಮೊದಲೂ ಇಷ್ಟೇ ಜನ ಸಾಯುತ್ತಿದ್ದರು, ನಾವು ಎಣಿಸುತ್ತಿರಲಿಲ್ಲ ಎಂಬುದು ಅದರ ಅರ್ಥ.

ನಮ್ಮವರ ಅಪಾಯ ಏನೆಂಬುದು ಗೊತ್ತಾಗಿ ಎರಡು ದಶಕ ಕಳೆದಿದೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದ ಡಾ. ಸಲೀಂ ಯೂಸುಫ್ ಮುಂದಾಳತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ 90ರಷ್ಟನ್ನು ಒಂಬತ್ತೇ ಅಂಶಗಳು ವಿವರಿಸುತ್ತವೆ ಎಂದು ಅದು ತೋರಿಸಿತು. ತಂಬಾಕು, ಕೊಬ್ಬಿನ ಏರುಪೇರು, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಅವುಗಳಲ್ಲಿ ಸೇರಿವೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಎಂಬುದೂ ಅದೇ ಅಧ್ಯಯನದಿಂದ ತಿಳಿಯಿತು. ನೋಡಲು ಸಣಕಲಾಗಿದ್ದರೂ ನಮ್ಮವರ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು ಎಂದು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತೋರಿಸಿಕೊಟ್ಟರು. ಅದಕ್ಕೇ ನಮ್ಮ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂ.ಮೀ. ದಾಟಿದರೆ, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಅಂದಾಜಿಸಿತು.

‘ನಮ್ಮ ಜೀನೇ ಹಾಗೆ’ ಎಂದು ಕೈಚೆಲ್ಲುವವರ ಮಾತನ್ನೂ ನಾನು ಒಪ್ಪುವುದಿಲ್ಲ. ವಂಶದ ಪಾಲು ಇದ್ದೇ ಇದೆ. ಆದರೆ ಬಸ್ ನಿಲ್ದಾಣದ ಹೊರಗಿನ ಆಟೊ ಸ್ಟ್ಯಾಂಡಿನಲ್ಲಿ ದುಡಿಯುವವರ ದಿನಚರಿ ನೋಡಿ. ಬೆಳಿಗ್ಗೆ ಆರಕ್ಕೆ ಸಕ್ಕರೆ ಮುಂದಾಗಿ ಹಾಕಿದ ಚಹಾ, ಜೊತೆಗೊಂದು ಸಿಗರೇಟು. ಮಧ್ಯಾಹ್ನ ಮೂರಕ್ಕೆ ಚಿತ್ರಾನ್ನ. ಹನ್ನೆರಡು ಗಂಟೆ ಕೂತೇ ಕೆಲಸ, ತಲೆಯ ಮೇಲೆ ಗಾಡಿಯ ಕಂತು. ಎದೆ ಹಿಂಡಿದರೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಒಂದು ಸೋಡಾ ಕುಡಿದು ಮುಂದಿನ ಬಾಡಿಗೆಗೆ ಹೊರಡುತ್ತಾರೆ. ಜೀವ ಉಳಿಸುವ ಮೊದಲ ಗಂಟೆ ಕಳೆದುಹೋಗುವುದು ಆ ಸೋಡಾದಲ್ಲೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗ ನಡೆಯುವುದು ಇವರ ದುಡಿಮೆಯ ಹೊತ್ತಿನಲ್ಲಿ. ಅರ್ಧ ದಿನದ ಬಾಡಿಗೆ ಬಿಟ್ಟು ಬಿಪಿ ನೋಡಿಸಿಕೊಳ್ಳಿ ಎಂದು ಇವರಿಗೆ ಬುದ್ಧಿ ಹೇಳುವುದು ಅನ್ಯಾಯ.

ಆದ್ದರಿಂದ ತಪಾಸಣೆ ಅವರಿದ್ದಲ್ಲಿಗೇ ಹೋಗಬೇಕು: ಆಟೊ ಸ್ಟ್ಯಾಂಡಿಗೆ, ಬಸ್ ಡಿಪೊಗೆ, ಗಾರ್ಮೆಂಟ್ಸ್ ಕಾರ್ಖಾನೆಯ ಗೇಟಿಗೆ. ಆರೋಗ್ಯ ಕೇಂದ್ರಗಳಲ್ಲಿ ಸಂಜೆಯ ಹೊತ್ತೂ ವೈದ್ಯರಿರಬೇಕು. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಒಳ್ಳೆಯ ಯೋಜನೆ ಅದು. ರಾತ್ರಿ ಎರಡು ಗಂಟೆಗೂ ಆ ಚುಚ್ಚುಮದ್ದು ಮತ್ತು ಕೊಡುವ ವೈದ್ಯರು ಅಲ್ಲಿದ್ದರೆ ಮಾತ್ರ ಆ ಹೆಸರಿಗೆ ಗೌರವ. ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದ ರಾಜ್ಯದ ಕಾನೂನು ಶಾಲೆಯ ಪಕ್ಕದ ಗೂಡಂಗಡಿಗೂ ತಲುಪಬೇಕು. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ದಾಖಲಿಸುತ್ತೇವೆ ಎಂದು ಸರ್ಕಾರ ಹಾಸನದ ಗಲಾಟೆಯ ನಡುವೆ ಘೋಷಿಸಿತು. ಆ ಲೆಕ್ಕವನ್ನು ತಿಂಗಳು ತಿಂಗಳೂ ತಾಲೂಕುವಾರು ಜನರ ಮುಂದಿಡಲಿ. ಲೆಕ್ಕವಿದ್ದ ಕಡೆ ವದಂತಿ ಬೇರೂರುವುದು ಕಷ್ಟ.

ಓದುಗರಲ್ಲಿ ಒಂದೇ ವಿನಂತಿ. ಮೂವತ್ತು ದಾಟಿದವರು ಈ ವಾರವೇ ಬಿಪಿ, ಶುಗರ್ ನೋಡಿಸಿಕೊಳ್ಳಿ. ಎದೆನೋವು ಬಂದರೆ ಸೋಡಾ ಹುಡುಕಬೇಡಿ, ಇಸಿಜಿ ಇರುವಲ್ಲಿಗೆ ಓಡಿ. ನಿಮ್ಮ ಶಾಸಕರು ಮುಂದೆ ಸಿಕ್ಕಾಗ ಲಸಿಕೆಯ ವಿಚಾರ ಎತ್ತಬೇಡಿ, ತಾಲೂಕು ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಆ ಚುಚ್ಚುಮದ್ದು ಇದೆಯೇ ಎಂದು ಕೇಳಿ. ಉತ್ತರ ಸಿಗುವವರೆಗೂ ಕೇಳುತ್ತಿರಿ.