ನೆಲ ಅಗೆಯದ ಗಣಿಗಾರಿಕೆ

ಒಬ್ಬರಿಂದ ಇನ್ನೊಬ್ಬರಿಗೆ ಹಣ ಸಂದಾಯವಾಯಿತೆಂದು ದೃಢಪಡಿಸುವವರು ಯಾರು? ಬ್ಯಾಂಕಿನ ವ್ಯವಹಾರದಲ್ಲಿ ಉತ್ತರ ಸರಳ: ಕಿರ್ದಿ ಬ್ಯಾಂಕಿನ ಬಳಿ ಇದೆ. 2008ರ ಅಕ್ಟೋಬರ್‌ನಲ್ಲಿ ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಹೊರಬಂದ ಒಂಬತ್ತು ಪುಟಗಳ ಪ್ರಬಂಧವು ಈ ಮಧ್ಯವರ್ತಿಯನ್ನೇ ಕೈಬಿಡುವ ದಾರಿಯನ್ನು ಮುಂದಿಟ್ಟಿತು. 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಜಾಲ ಆರಂಭವಾಯಿತು. ಆ ದಾರಿಯ ಸುಂಕವನ್ನು ವಿದ್ಯುತ್ತಿನ ರೂಪದಲ್ಲಿ ತೆರಲಾಗುತ್ತಿರುವುದರಿಂದ, ಆ ನಾಣ್ಯದ ಗೊಡವೆಯೇ ಇಲ್ಲದ ಪರಿಸರಾಸಕ್ತರೂ ಅದರ ಒಳಗನ್ನು ಅರಿಯಬೇಕಾಗಿದೆ.

ಬಿಟ್‌ಕಾಯಿನ್ ಕಳುಹಿಸುವವರು ತಮ್ಮ ಗುಪ್ತ ಕೀಲಿಯಿಂದ ಸಹಿ ಮಾಡಿದ ಸಂದೇಶವನ್ನು ಜಾಲಕ್ಕೆ ಬಿಡುತ್ತಾರೆ. ಸಹಿ ಸರಿಯಿದೆಯೇ, ಅದೇ ನಾಣ್ಯ ಮೊದಲೇ ಖರ್ಚಾಗಿದೆಯೇ ಎಂದು ಸಾವಿರಾರು ಕಂಪ್ಯೂಟರುಗಳು ಪರಿಶೀಲಿಸುತ್ತವೆ. ಈ ತಪಾಸಣೆಗೆ ತಗಲುವ ವಿದ್ಯುತ್ತು ಅತ್ಯಲ್ಪ. ದುಬಾರಿಯಾದುದು ಮುಂದಿನ ಹಂತ. ಎಲ್ಲರ ಬಳಿಯೂ ಪ್ರತಿಯಿರುವ ಕಿರ್ದಿಯ ಹೊಸ ಪುಟವನ್ನು, ಅಂದರೆ ಬ್ಲಾಕ್ ಅನ್ನು, ಬರೆಯುವ ಹಕ್ಕು ಯಾರದು? ‘ಗಣಿಗಾರರು’ ವ್ಯವಹಾರಗಳನ್ನು ಒಟ್ಟುಗೂಡಿಸಿ, ಅವುಗಳಿಗೊಂದು ಸಂಖ್ಯೆಯನ್ನು ಜೋಡಿಸಿ, ಎಸ್‌ಎಚ್‌ಎ-256 ಎಂಬ ಗಣಿತ ಸೂತ್ರಕ್ಕೆ ಒಡ್ಡುತ್ತಾರೆ. ಫಲಿತಾಂಶವು ನಿಗದಿತ ಮಿತಿಗಿಂತ ಕಡಿಮೆ ಬರಬೇಕು. ಇದಕ್ಕೆ ಅಡ್ಡದಾರಿಯಿಲ್ಲ, ಸಂಖ್ಯೆ ಬದಲಿಸುತ್ತ ಮತ್ತೆ ಮತ್ತೆ ಯತ್ನಿಸಬೇಕು. ಗೆದ್ದವರಿಗೆ ವ್ಯವಹಾರ ಶುಲ್ಕದೊಂದಿಗೆ ಹೊಸ ನಾಣ್ಯಗಳೂ ದೊರೆಯುತ್ತವೆ. 2024ರ ಏಪ್ರಿಲ್‌ನಲ್ಲಿ ಈ ಬಹುಮಾನ 3.125 ಬಿಟ್‌ಕಾಯಿನ್‌ಗೆ ಇಳಿಯಿತು. ಪ್ರತಿ ಪುಟವೂ ಹಿಂದಿನ ಪುಟದ ಗುರುತನ್ನು ಹೊತ್ತಿರುವುದರಿಂದ, ಹಳೆಯದೊಂದನ್ನು ತಿದ್ದಬೇಕಾದರೆ ಅನಂತರದ ಎಲ್ಲ ಪುಟಗಳ ಶ್ರಮವನ್ನೂ ಮರಳಿ ಮಾಡಬೇಕಾಗುತ್ತದೆ. ಆದ್ದರಿಂದಲೇ ಆರು ಪುಟಗಳು, ಸುಮಾರು ಒಂದು ಗಂಟೆ, ಕಳೆದ ಮೇಲೆ ವ್ಯವಹಾರ ಖಚಿತವೆಂದು ಭಾವಿಸುವ ರೂಢಿಯಿದೆ.

ಇಲ್ಲಿ ವಿದ್ಯುತ್ತಿನ ವ್ಯಯ ಅಜಾಗರೂಕತೆಯ ಫಲವಲ್ಲ. ಅದೇ ಈ ಕಿರ್ದಿಯ ಬೀಗ. ಹತ್ತು ನಿಮಿಷಕ್ಕೊಂದು ಪುಟ ಎಂಬ ಸರಾಸರಿ ತಪ್ಪದಂತೆ ಪ್ರತಿ 2016 ಪುಟಗಳಿಗೊಮ್ಮೆ ಒಗಟಿನ ಕಾಠಿಣ್ಯವನ್ನು ಜಾಲವೇ ಸರಿಹೊಂದಿಸುತ್ತದೆ. ಯಂತ್ರಗಳು ಚುರುಕಾದಷ್ಟೂ ಒಗಟು ಕಠಿಣವಾಗುತ್ತದೆ. ಹೀಗಾಗಿ ದಕ್ಷ ಯಂತ್ರಗಳಿಂದ ಉಳಿತಾಯವಾದೀತೆಂಬ ನಿರೀಕ್ಷೆ ಹುಸಿಯಾಗುತ್ತದೆ. ನಾಣ್ಯದ ಬೆಲೆ ಏರಿದರೆ ಇನ್ನಷ್ಟು ಯಂತ್ರಗಳು ಕಣಕ್ಕಿಳಿಯುತ್ತವೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಅಂದಾಜಿನಂತೆ ಬಿಟ್‌ಕಾಯಿನ್‌ನ ವಾರ್ಷಿಕ ಬಳಕೆ 10,000 ಕೋಟಿ ಯೂನಿಟ್‌ಗಳನ್ನು ಮೀರಿದೆ.

ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಮಳೆಗಾಲದ ಅಗ್ಗದ ಜಲವಿದ್ಯುತ್ತನ್ನು ಹುಡುಕಿಕೊಂಡು ಈ ಯಂತ್ರಗಳು ಬಂದವು. 2021ರಲ್ಲಿ ಅಲ್ಲಿ ನಿಷೇಧ ಬಂದಾಗ ಅವು ಕಝಾಕಸ್ತಾನಕ್ಕೆ, ಅಮೆರಿಕಕ್ಕೆ ಗುಳೆ ಹೋದವು. ನ್ಯೂಯಾರ್ಕ್ ರಾಜ್ಯದ ಸೆನೆಕಾ ಸರೋವರದ ದಡದಲ್ಲಿ ಮುಚ್ಚಿಹೋಗಿದ್ದ ಕಲ್ಲಿದ್ದಲು ಸ್ಥಾವರವೊಂದು ಅನಿಲಕ್ಕೆ ಬದಲಾಗಿ, ಇದೇ ಕೆಲಸಕ್ಕೆ ತೊಡಗಿತು. ಜನರ ವಿರೋಧದ ನಂತರ 2022ರ ನವೆಂಬರ್‌ನಲ್ಲಿ ಆ ರಾಜ್ಯವು ಇಂಥ ಹೊಸ ಪರವಾನಗಿಗಳಿಗೆ ಎರಡು ವರ್ಷ ತಡೆ ವಿಧಿಸಿತು. ಜಲವಿದ್ಯುತ್ತಾದರೆ ಹಸಿರು ಎಂಬ ವಾದವೂ ಪೂರ್ಣ ಸತ್ಯವಲ್ಲ. ಅಣೆಕಟ್ಟುಗಳಲ್ಲಿ ಮುಳುಗಿದ ಕಾಡು, ಗದ್ದೆಗಳ ಲೆಕ್ಕ ಈ ಕಿರ್ದಿಯ ಯಾವ ಪುಟದಲ್ಲಿಯೂ ಇಲ್ಲ.

ಬೇರೆ ದಾರಿಯಿಲ್ಲವೇ? ಇದೆ. ಇಥೀರಿಯಂ ಜಾಲವು 2022ರ ಸೆಪ್ಟೆಂಬರ್ 15ರಂದು ಗಣಿಗಾರಿಕೆಯನ್ನೇ ತೊರೆಯಿತು. ಅಲ್ಲಿ ದೃಢೀಕರಿಸುವವರು 32 ಈಥರ್ ನಾಣ್ಯಗಳನ್ನು ಪಣವಾಗಿ ಒತ್ತೆಯಿಡಬೇಕು. ಮೋಸ ಮಾಡಿದರೆ ಪಣಕ್ಕೆ ಕತ್ತರಿ ಬೀಳುತ್ತದೆ. ಈ ಒಂದು ಬದಲಾವಣೆಯಿಂದ ಆ ಜಾಲದ ವಿದ್ಯುತ್ ಬಳಕೆ ಶೇಕಡ 99ಕ್ಕೂ ಹೆಚ್ಚು ಕುಸಿಯಿತು. ಇದರಲ್ಲಿ ಉಳ್ಳವರ ಮಾತೇ ಮೇಲಾಗುತ್ತದೆಂಬ ಆಕ್ಷೇಪ ನಿಜ. ಆದರೆ ಯಂತ್ರಗಳ ಗೋದಾಮುಗಳನ್ನು ಕಟ್ಟುವವರೂ ಬಡವರಲ್ಲ.

ಬಿಟ್‌ಕಾಯಿನ್‌ನ ಭದ್ರತೆಗೆ ಇಷ್ಟು ವಿದ್ಯುತ್ತು ಬೇಕೇಬೇಕೆಂದು ಅದರ ಸಮರ್ಥಕರು ವಾದಿಸಬಹುದು. ಅದು ಚರ್ಚೆಯ ವಿಷಯ. ಆದರೆ ಅದನ್ನು ತಂತ್ರಜ್ಞಾನದ ಅನಿವಾರ್ಯತೆ ಎನ್ನುವಂತಿಲ್ಲ, ಅದೊಂದು ಆಯ್ಕೆ. ಆಯ್ಕೆಯೆಂದ ಮೇಲೆ, ಅದರ ಭಾರ ಹೊರುವ ನದಿ, ಸರೋವರಗಳ ಜನರಿಗೂ ಅದನ್ನು ಪ್ರಶ್ನಿಸುವ ಹಕ್ಕಿದೆ.